ಗುಡ್ಲೊಳಗಿಂದ ಇಟ್ಟ ಗುರಿ

ಇವತ್ತು ಹಿಟ್ಟು ರುಬ್ಬಿದೆ, ತೊಟ್ಟಿ ತೊಳೆದೆ, ಪೊರಕೆಗೆಂದು ಹಸಿ ತೆಂಗಿನ ಗರಿ ಸೀಳಿದೆ; ಆ ವಾಸನೆಗೆ ಹುಡುಗಿಯಾಗಿದ್ದಾಗಿನ ಒಂದು ಮಧ್ಯಾಹ್ನ ನೆನಪಾಯಿತು.

ನಾನು ಮೈನೆರೆದೆನೆಂದು ಹಿತ್ತಲಲ್ಲಿ ಗರಿಯ ಗುಡ್ಲು ಕಟ್ಟಿ ಕೂರಿಸಿದ್ದರು. ನಾನು ಹೊಡೆಯುತ್ತಿದ್ದ ಏರ್‌ಗನ್ನನ್ನು ಚಿಕ್ಕಪ್ಪ ನನ್ನ ತಮ್ಮನಿಗೆ ಕೊಟ್ಟಿದ್ದರು. ಅವನು ಎಷ್ಟು ಹೊಡೆದರೂ ಹೊಲದಾಚೆಯ ಹುಣಸೆಮರಕ್ಕೆ ಕಟ್ಟಿದ ಡಬ್ಬಿ ಮುಚ್ಚಳ ಒಮ್ಮೆಯೂ ಸದ್ದು ಮಾಡಲಿಲ್ಲ.

"ಒಂದೇ ಒಂದು ಹೊಡೀಲಾ ಅಜ್ಜಿ?"

"ಗಂಡುಬೀರಿ ಆಟ ಮುಗೀತು ಕಣಮ್ಮಿ. ಇನ್ಮ್ಯಾಕೆ ಅದ ಮುಟ್ಬ್ಯಾಡ."

ಅಜ್ಜಿ ಒಳಗೆ ಹೋದ ಮೇಲೆ ಚಿಕ್ಕಪ್ಪ ಗುಡ್ಲ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇವುನ್ದು ಒಂದೂ ಬೀಳ್ತಿಲ್ಲ. ಎಲ್ಗೆ ಗುರಿ ಇಡ್ಬೇಕಮ್ಮಿ?"

ಗಾಳಿಗೆ ಗರಿಯ ತುದಿ ಎಡಕ್ಕೆ ಬಾಗುತ್ತಿತ್ತು. "ಮುಚ್ಚಳದ ಬಲಗಡೆ ಅಂಚಿಗೆ," ಎಂದೆ.

ಟಣ್ ಎಂದಿತು. "ನಾನ್ ಹೊಡ್ದೆ!" ಎಂದು ತಮ್ಮ ಕುಣಿದ.

ಸಂಜೆ ಎಳ್ಳಿನ ಚಿಗಳಿ, ಕೊಬ್ಬರಿ ತಿನ್ನಿಸಿದರು. ರಾತ್ರಿ ಗುಡ್ಲಲ್ಲಿ ನನ್ನ ಜೊತೆ ಮಲಗಿದ ಅಜ್ಜಿಗೆ ಮೊದಲು ನಿದ್ದೆ ಬಂತು. ನಾನು ಗರಿ ಯಾವ ಕಡೆ ಬಾಗುತ್ತದೆಂದು ನೋಡುತ್ತಲೇ ಇದ್ದೆ.