ಸಾಲಿನಲ್ಲೊಂದು ಹೊಸ ಆನೆ

ಜೀಪಿನಿಂದಿಳಿದ ಇಂಜಿನಿಯರ್ ವೆಂಕಟೇಶಯ್ಯನವರು ಗುಡಿಯ ಬುಡದ ಕಲ್ಲಿನ ಆನೆಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಬೋಳು ಕಲ್ಲು ಎಲ್ಲೂ ಕಾಣಲಿಲ್ಲ.

"ಕರಿಬಸವಯ್ಯ, ಒಡೆದುಹೋದ ಆನೆ ಜಾಗಕ್ಕೆ ಏನು ಕೂರಿಸು ಅಂದಿದ್ದೆ?"

"ಬೋಳು ಕಲ್ಲು, ಸ್ವಾಮಿ."

"ಹಳೇದು ಯಾವುದು, ಹೊಸದು ಯಾವುದು ಅಂತ ನೋಡಿದೋರಿಗೆ ಗೊತ್ತಾಗ್ಬೇಕು, ಅದಕ್ಕೆ. ನೀನೇನು ಮಾಡಿದೀಯ?"

ಕರಿಬಸವಯ್ಯ ಕುಣಿಗಲ್ ಸಂತೆಗೆ ಒರಳುಕಲ್ಲು, ಬೀಸುಕಲ್ಲು ಕೆತ್ತಿಕೊಂಡೇ ಮೂವತ್ತು ವರ್ಷ ಕಳೆದವನು. ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯಲ್ಲಿ ಎಂಟುನೂರು ವರ್ಷದ ಈ ಗುಡಿಯ ರಿಪೇರಿಗೆ ಬಂದಾಗಿನಿಂದ ಅವನ ಕೈ ಸುಮ್ಮನಿರಲಿಲ್ಲ. ಊಟಕ್ಕೆ ಕೂತರೆ ಬೆರಳನ್ನು ಸಾರಿನಲ್ಲಿ ಅದ್ದಿ ತಟ್ಟೆಯಲ್ಲಿ ಸೊಂಡಿಲು ಬರೆಯುತ್ತಿದ್ದ. "ಮುದ್ದೆ ಆರೋಯ್ತದೆ, ಉಣ್ಣಬಾರ್ದಾ?" ಎಂದು ಹೆಂಡತಿ ಸಿದ್ದಲಕ್ಷ್ಮಮ್ಮ ಗದರುತ್ತಿದ್ದಳು. ಕೊನೆಗೆ ತಡೆಯಲಾರದೆ ಇಪ್ಪತ್ತು ದಿನ ಕೂತು ಆನೆಯನ್ನೇ ಕೆತ್ತಿಬಿಟ್ಟ. ಹರಳೆಣ್ಣೆಗೆ ಮಸಿ ಕಲಸಿ ಉಜ್ಜಿ, ಹಳೆಯ ಬಣ್ಣ ಬರಿಸಿ, ಸಾಲಿನಲ್ಲಿ ಕೂರಿಸಿದ್ದ.

ನೂರಾರು ಆನೆ, ಒಡೆದಿದ್ದು ಯಾವ ಜಾಗ ಎಂದು ಇಂಜಿನಿಯರಿಗೂ ನೆನಪಾಗಲಿಲ್ಲ. ಬಗ್ಗಿ ನೋಡುತ್ತಾ ಬಂದವರು ಒಂದರ ಮುಂದೆ ನಿಂತರು.

"ಇದೇ! ಕಾಲು ನೋಡು, ತೂಕವೇ ಇಲ್ಲ. ಆ ಕಾಲದೋರ ಕೈಯೇ ಬೇರೆ. ದ್ಯಾವಪ್ಪ, ಹಾರೆ ತಗೊಂಬಾ, ಎಬ್ಬಿಸು ಇದನ್ನ."

ಅವರು ತೋರಿಸಿದ್ದು ಹಳೆಯ ಆನೆ. ಕರಿಬಸವಯ್ಯನದು ನಾಲ್ಕು ಮಾರು ಆಚೆಗಿತ್ತು. ತುಟಿ ಬಿಚ್ಚದಿದ್ದರೆ ಅದು ಅಲ್ಲೇ ಉಳಿಯುತ್ತಿತ್ತು, ಗುಡಿ ಇರುವಷ್ಟು ಕಾಲ. ಆಳು ದ್ಯಾವಪ್ಪ ಸಂದಿಗೆ ಹಾರೆ ಹಾಕಿ ಮೀಟಿದ. ಆನೆಯ ಕಿವಿಯಿಂದ ಒಂದು ಚಕ್ಕೆ ಹಾರಿತು.

"ಬ್ಯಾಡ ಕಣ್ಲಾ ದ್ಯಾವ, ತೆಗಿ ಹಾರೆ!" ಕರಿಬಸವಯ್ಯ ಅಡ್ಡ ಬಿದ್ದ. "ಸ್ವಾಮಿ, ಅದು ಹಿಂದಿನೋರ್ದು. ನಂದು... ಅಗೋ, ಆ ಕಡೇದು."

ವೆಂಕಟೇಶಯ್ಯ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆನ್ನು, ಸೊಂಡಿಲು, ಕೊರಳ ಗಂಟೆ ಎಲ್ಲವನ್ನೂ ಸವರಿದರು. ಎದ್ದಾಗ ಕರಿಬಸವಯ್ಯನ ಮುಖ ನೋಡಲು ಅವರಿಂದಾಗಲಿಲ್ಲ.

"ಆದ್ರೂ ಇರೋ ಹಾಗಿಲ್ಲ ಕಣಯ್ಯ," ಎಂದರು ಮೆತ್ತಗೆ.

"ಗೊತ್ತು ಸ್ವಾಮಿ. ನಾನೇ ತೆಗೀತೀನಿ. ಅವ್ನು ತೆಗದ್ರೆ ಮುರೀತಾನೆ."

ಸಂಜೆಯ ಹೊತ್ತಿಗೆ ಆ ಜಾಗದಲ್ಲಿ ಬೋಳು ಕಲ್ಲು ಕೂತಿತು. ಜೀಪು ಸ್ಟಾರ್ಟ್ ಆಗಿತ್ತು. ವೆಂಕಟೇಶಯ್ಯ ಹತ್ತಲಿಲ್ಲ. ಹೊಂಗೆ ಮರದಡಿ ಹುಲ್ಲಿನ ಮೇಲೆ ಮಲಗಿಸಿದ್ದ ಆನೆಯ ಹತ್ತಿರ ಹೋದರು. ಜೇಬಿನಿಂದ ಕರ್ಚೀಫು ತೆಗೆದು, ಅದರ ಕಣ್ಣಿಗೆ ಮೆತ್ತಿದ್ದ ಗಾರೆಯನ್ನು ನಿಧಾನವಾಗಿ ಒರೆಸಿದರು.