ಷೇರುದಾರರ ಸಭೆಯಲ್ಲಿ ಮೊದಲ ಪ್ರಶ್ನೆ

ಹಲ್ಲಿನ ಡಾಕ್ಟರು ಎದ್ದು ನಿಲ್ಲುವಷ್ಟರಲ್ಲಿ ಮೈಕು ಮುಂದಿನ ಸಾಲಿನ ಮುದುಕಿಯೊಬ್ಬಳ ಕೈ ಸೇರಿಯಾಗಿತ್ತು.

ಡಾಕ್ಟರು ಹಲ್ಲು ಕಚ್ಚಿಕೊಂಡು ಕುಳಿತರು. ಅಧ್ಯಕ್ಷನನ್ನು ಕಿತ್ತುಹಾಕುವ ಗೊತ್ತುವಳಿ ಅವರ ಜೇಬಿನಲ್ಲಿತ್ತು. ಅರ್ಧ ಸಭೆ ಅದಕ್ಕೆ ಕೈ ಎತ್ತಲು ಕಾದಿತ್ತು. ಕಾರಣವೂ ಇತ್ತು. ಕಂಪನಿಯ ಎರಡು ಶೀತಲಗೃಹಗಳ ಯಂತ್ರಗಳು ಕೆಟ್ಟು ಗುಜರಿಗೆ ಸಮವಾಗಿದ್ದವು. ಲೆಕ್ಕಪತ್ರದಲ್ಲಿ ಮಾತ್ರ ಹೊಸ ಬೆಲೆಯಲ್ಲೇ ಮೆರೆಯುತ್ತಿದ್ದವು. ಆಸ್ತಿಯ ಬೆಲೆ ಕುಸಿದದ್ದನ್ನು ಅಧ್ಯಕ್ಷ ಬಾಯಿಬಿಟ್ಟದ್ದು ಅರ್ಧ ವರ್ಷ ಕಳೆದ ಮೇಲೆ. ಅಷ್ಟರಲ್ಲಿ ನಂಬಿ ಷೇರು ಕೊಂಡವರು ಬಹಳ. ಡಾಕ್ಟರೂ ಅವರಲ್ಲೊಬ್ಬರು.

"ಯಾಕೆ ತಡ ಮಾಡಿದ್ರಿ?" ಮುದುಕಿ ಕೇಳಿದಳು.

ಬೆಲೆ ಕಟ್ಟುವವರ ವರದಿ ಕೈಗೆ ಬಂದದ್ದೇ ತಡವಾಗಿ ಎಂದು ಅಧ್ಯಕ್ಷ ಕಿವಿ ತೀಡುತ್ತ ಶುರುಮಾಡಿದ.

"ಕಿವಿ ಬಿಡು. ಸುಳ್ಳು ಹೇಳೋವಾಗ್ಲೇ ನಿನ್ನ ಕೈ ಅಲ್ಲಿಗೆ ಹೋಗೋದು."

ಸಭೆ ಗೊಳ್ಳೆಂದಿತು. ಸಿಟ್ಟಿನಲ್ಲಿ ಏಕವಚನಕ್ಕಿಳಿದಿದ್ದಾಳೆ ಎಂದುಕೊಂಡು ಯಾರೂ ತಪ್ಪು ತಿಳಿಯಲಿಲ್ಲ. ಅಧ್ಯಕ್ಷನ ಕೈ ಕಿವಿಯಿಂದ ಜಾರಿತು.

ಆಮೇಲೆ ಅವಳು ಬಿಡಲೇ ಇಲ್ಲ. ನೀರಿಳಿಸಿದಳು. ಓದಿದ್ದೆಲ್ಲ ಹೊಳೆಗೆ ಹಾಕಿದೆಯಾ, ನಂಬಿದವರ ಮುಖ ಹೇಗೆ ನೋಡುತ್ತೀಯ ಎಂದಳು. ಕೊನೆಗೆ ಅಧ್ಯಕ್ಷ ತಲೆ ತಗ್ಗಿಸಿದ. ವರದಿ ಸಮಯಕ್ಕೇ ಬಂದಿತ್ತು ಎಂದು ಒಪ್ಪಿಕೊಂಡ. ಯಂತ್ರ ಹೇಗಾದರೂ ರಿಪೇರಿಯಾದೀತು, ಆಗ ಯಾರಿಗೂ ಹೇಳುವ ಪ್ರಮೇಯವೇ ಬರದು ಎಂದು ಕಾದಿದ್ದನಂತೆ. ಹೆದರಿದ್ದೆ ಎನ್ನುವಾಗ ದನಿ ಒಡೆಯಿತು.

ಮುದುಕಿ ಇನ್ನೂ ಬೈಯುತ್ತಲೇ ಇದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಒಪ್ಪಿಕೊಂಡನಲ್ಲ, ಪಾಪ, ಎಂದರು ಇನ್ನೊಬ್ಬರು. ಕೊನೆಗೆ ಡಾಕ್ಟರೇ ಎದ್ದರು.

"ಸಾಕು ಬಿಡಿ ಅಮ್ಮಾ. ಮನುಷ್ಯ ಅಂದ್ಮೇಲೆ ತಪ್ಪು ಮಾಡ್ತಾನೆ. ತಿದ್ಕೊಳ್ಳೋಕೆ ಒಂದು ಅವಕಾಶ ಕೊಡೋಣ."

ಗೊತ್ತುವಳಿ ಹೊರಗೆ ಬರಲೇ ಇಲ್ಲ. ಇನ್ನು ಮುಂದೆ ನಷ್ಟದ ಸುದ್ದಿಯನ್ನು ಅಂದಂದೇ ತಿಳಿಸಬೇಕೆಂಬ ಷರತ್ತಿನ ಮೇಲೆ ಅಧ್ಯಕ್ಷನ ಕುರ್ಚಿ ಉಳಿಯಿತು. ಡಾಕ್ಟರು ಮುದುಕಿಯ ಕೈಹಿಡಿದು ಮೆಟ್ಟಿಲಿಳಿಸಿದರು. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಬುದ್ಧಿಯನ್ನೂ ಹೇಳಿದರು. ಅವಳು ವಿಧೇಯಳಾಗಿ ತಲೆಯಾಡಿಸಿದಳು.

ಮುಂದಿನ ಬೀದಿಯ ತಿರುವಿನಲ್ಲಿ ಕಾರೊಂದು ಬಂದು ನಿಂತಿತು. ಅಧ್ಯಕ್ಷ ಒಳಗಿನಿಂದಲೇ ಬಾಗಿಲು ತಳ್ಳಿದ. ಮುದುಕಿ ಹತ್ತಿ ಕುಳಿತಳು.

"ಅಷ್ಟೊಂದು ಬೈಬೇಕಿತ್ತಾ?" ಎಂದ ಅಧ್ಯಕ್ಷ.

"ಹೆತ್ತವಳೇ ಮೊದಲು ನಾಲ್ಕು ಬಿಗಿದ್ರೆ, ಬಿಡಿಸೋಕೆ ಊರೇ ಓಡಿ ಬರುತ್ತೆ ಕಣೋ."