ರೋಗಿ ಹೇಳಿಕೊಟ್ಟ ಪಾಠ

ಆಂಬುಲೆನ್ಸ್ ಸಿಬ್ಬಂದಿಯ ಮೊದಲ ಹಂತದ ಪರೀಕ್ಷೆಯಲ್ಲಿ ತಾರಿಣಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಕೆಲಸವೂ ಹೋದಂತೆಯೇ. ಎದುರಿಗೆ, ಹನ್ನೆರಡು ವರ್ಷಗಳಿಂದ ಪ್ರತಿ ಪರೀಕ್ಷೆಯಲ್ಲೂ ರೋಗಿಯ ಪಾತ್ರದಲ್ಲಿ ಪ್ರಜ್ಞೆ ತಪ್ಪುತ್ತಾ ಬಂದಿದ್ದ ಆಸ್ಪತ್ರೆಯ ಆಯಾ ಸಾಕಮ್ಮ, ಶಾಪ ತಗುಲಿದ ರಾಜಕುಮಾರಿಯಂತೆ ಅಂಗಾತ ಬಿದ್ದಿದ್ದಳು.

ತಾರಿಣಿಗೆ ಕಲಿತದ್ದೆಲ್ಲ ಮರೆತೇಹೋಯಿತು.

"ಮೊದ್ಲು ಭುಜ ತಟ್ಟಿ ಕೂಗೇ," ಸಾಕಮ್ಮ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು. "ಆಮೇಲೆ ಉಸಿರು ನೋಡು. ಆಮೇಲೆ..."

ಪರೀಕ್ಷಕರು ಹತ್ತಿರ ಬಂದು ಬಗ್ಗಿದರು. "ಪ್ರಜ್ಞೆ ತಪ್ಪಿದೋರು ಮಾತಾಡ್ತಾರೇನಮ್ಮಾ?"

ಸಾಕಮ್ಮ ತುಟಿ ಬಿಗಿದಳು.

ಪರೀಕ್ಷಕರು ಒಮ್ಮೆ ಬಾಗಿಲತ್ತ ನೋಡಿ, ಪಕ್ಕದಲ್ಲೇ ಮಂಡಿಯೂರಿ ಪೆನ್ನಿನ ಮುಚ್ಚಳ ತೆಗೆದರು.

"ನಿಲ್ಲಿಸ್ಬೇಡ ಸಾಕಮ್ಮಾ, ನಿಧಾನಕ್ಕೆ ಹೇಳು. ನಾಳೆ ಎರಡನೇ ಹಂತದ ಪರೀಕ್ಷೆಗೆ ನಾನೂ ಕೂರ್ಬೇಕು."